ದೊಡ್ಡ ಮೇಸ್ತ್ರಿಯ ಕೈ

ಸತ್ತವರು ಮನೆಯ ಮೂಲೆಯಲ್ಲಿ ಕೂತು ಕಾಡುತ್ತಾರೆ ಅನ್ನುವುದನ್ನು ಎಲ್ಲರೂ ಕೇಳಿದ್ದೇವೆ. ದೊಡ್ಡ ಮೇಸ್ತ್ರಿಯ ವಿಷಯವೇ ಬೇರೆ. ಅವನು ಕಾಡಿದ್ದು ನಡುಬೀದಿಯಲ್ಲಿ, ಹಾಡಹಗಲಿನಲ್ಲಿ, ಯಾರ್ಯಾರದೋ ಗಾಡಿಗಳ ಒಳಗಿನಿಂದ. ಕಾಡಿಸಿಕೊಂಡವನು ಅವನ ತಮ್ಮ, ಚಿಕ್ಕ ಮೇಸ್ತ್ರಿ. ಗ್ಯಾರೇಜಿನ ಮುಂದೆ ಹಳೆಯ ಕಾರೊಂದು ಟಿಕ್ ಟಿಕ್ ಟಿಕ್ ಅನ್ನುತ್ತಾ ಹಾದುಹೋದರೆ ಸಾಕು, ಬ್ರೇಕಿನ ಕೆಲಸ ಮಾಡುತ್ತಿದ್ದವನು ಸ್ಪ್ಯಾನರನ್ನು ಹಿಡಿದಲ್ಲೇ ಹಿಡಿದು, ಕಾರು ತಿರುವು ದಾಟುವವರೆಗೂ ಕಿವಿಗೊಟ್ಟು ನಿಲ್ಲುತ್ತಿದ್ದ. ತಲೆ ಅರ್ಧ ನರೆತ ಗಂಡಸು ಹಾಗೆ ಬೀದಿ ನೋಡುತ್ತಾ ನಿಂತರೆ ಜನ ಏನಾದರೂ ಅಂದೇ ಅನ್ನುತ್ತಾರೆ. ಅಂದರು ಕೂಡ. ಊರ ಬಾಯಿಗೆ ಮುಚ್ಚಳ ಎಲ್ಲಿದೆ?

ಆ ಟಿಕ್ ಟಿಕ್ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಅವನಿಗೆ ತಲೆಕೆಟ್ಟಿತ್ತು ಅಂದುಕೊಂಡೀರಿ. ಎಂಜಿನ್ನಿನ ತಲೆಯೊಳಗೆ ಸಣ್ಣ ಸಣ್ಣ ಬಾಗಿಲುಗಳಿರುತ್ತವೆ, ವಾಲ್ವ್ ಅನ್ನುತ್ತಾರೆ. ಒಂದು ಸಾಲು ಗಾಳಿ ಒಳಗೆ ಬಿಡುವುದಕ್ಕೆ, ಇನ್ನೊಂದು ಸಾಲು ಸುಟ್ಟ ಹೊಗೆ ಹೊರಗೆ ಬಿಡುವುದಕ್ಕೆ. ಬಾಗಿಲಿಗೂ ಅದನ್ನು ಒತ್ತುವ ಕಬ್ಬಿಣದ ಬೆರಳಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಆ ಸಂದು ನೋಡಿ ಸರಿಮಾಡುವುದಕ್ಕೇ ಟ್ಯಾಪೆಟ್ ಸೆಟ್ ಮಾಡುವುದು ಅನ್ನುವುದು. ಸಂದು ಸ್ವಲ್ಪ ಹೆಚ್ಚಾದರೆ ಟಿಕ್ ಟಿಕ್ ಸದ್ದು, ಅಷ್ಟೇ, ಪ್ರಾಣಕ್ಕೇನೂ ಇಲ್ಲ. ಸಂದು ಮುಚ್ಚಿಹೋದರೆ ಮಾತ್ರ ಕೆಟ್ಟಿತು. ಬಾಗಿಲು ಪೂರ್ತಿ ಹಾಕಿಕೊಳ್ಳುವುದಿಲ್ಲ, ಎಡೆಯಲ್ಲಿ ಬೆಂಕಿ ನುಗ್ಗಿ ಅಂಚು ಸುಡುತ್ತದೆ. ಸದ್ದೇ ಇಲ್ಲದೆ ಸುಡುತ್ತದೆ ಅನ್ನುವುದೇ ಅದರ ಮೋಸ.

ದೊಡ್ಡ ಮೇಸ್ತ್ರಿ ಇದನ್ನು ಗಿರಾಕಿಗಳಿಗೆ ತನ್ನದೇ ರೀತಿಯಲ್ಲಿ ಹೇಳುತ್ತಿದ್ದ. “ಗೊಣಗೋ ಹೆಂಡ್ತಿ, ಟಿಕ್ ಅನ್ನೋ ಟ್ಯಾಪೆಟ್, ಎರಡರಿಂದ್ಲೂ ಮನೆಗೆ ಮೋಸ ಇಲ್ಲ. ಸುಮ್ಮನಾದ ದಿನ ಹೆದರ್ಕೊಳ್ಳಿ.” ಗ್ಯಾರೇಜಿನ ಮೇಲೇ ಅವರ ಮನೆ. ಮಹಡಿಯ ಕಿಟಕಿಯಿಂದ ಅವನ ಹೆಂಡತಿ ಕೂಗಿ ಹೇಳುತ್ತಿದ್ದಳು, “ಹಾಗಾದ್ರೆ ನೀವು ಧೈರ್ಯವಾಗಿರಿ. ನಾನಂತೂ ಸುಮ್ಮನಾಗೋಳಲ್ಲ.”

ಬೇರೆ ಗ್ಯಾರೇಜಿನವರು ಸದ್ದಿಲ್ಲದ ಹಾಗೆ ಬಿಗಿಮಾಡಿ ಗಿರಾಕಿಯನ್ನು ಖುಷಿಪಡಿಸಿದರೆ, ದೊಡ್ಡ ಮೇಸ್ತ್ರಿ ಒಂದು ಎಳೆ ಸಡಿಲವನ್ನೇ ಬಿಡುತ್ತಿದ್ದ. ಅದಕ್ಕೇ ಅವನ ಕೈ ಬಿದ್ದ ಗಾಡಿ ಬೀದಿಯ ಆ ತುದಿಯಲ್ಲಿದ್ದರೂ ಗೊತ್ತಾಗುತ್ತಿತ್ತು. ಮತ್ತೆ ಆ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಒಬ್ಬ ಇಟ್ಟದ್ದನ್ನು ಇನ್ನೊಬ್ಬ ನೋಡಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವುದು ಮನುಷ್ಯನ ಗುಣ. ತನ್ನ ಕೈ ಇಟ್ಟ ಸಂದು ತನ್ನ ಕೈಗೆ ಯಾವಾಗಲೂ ಸರಿಯಾಗೇ ಕಾಣುತ್ತದೆ ಅಂತ ದೊಡ್ಡ ಮೇಸ್ತ್ರಿಯ ವಾದ. ಹಾಗಾಗಿ ಅಣ್ಣ ಸ್ಕ್ರೂ ತಿರುಗಿಸಿ, ನಟ್ ಬಿಗಿದು, ಪಕ್ಕಕ್ಕೆ ಸರಿದು “ನೋಡು” ಅನ್ನುತ್ತಿದ್ದ. ತಮ್ಮ ಸಂದು ಅಳೆಯುವ ಗೇಜಿನ ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಆ ಸಂದಿನಲ್ಲಿ ತೂರಿಸಿ ಮೆಲ್ಲಗೆ ಎಳೆಯುತ್ತಿದ್ದ. ಪಟ್ಟಿ ಸಿಕ್ಕಿಕೊಂಡರೆ “ಬಿಗಿ” ಅನ್ನುತ್ತಿದ್ದ, ಸಲೀಸಾಗಿ ಬಂದರೆ “ಸಡಿಲ” ಅನ್ನುತ್ತಿದ್ದ. ಎರಡೂ ಅಲ್ಲದೆ, ಯಾರೋ ಆ ಕಡೆಯಿಂದ ಸ್ವಲ್ಪ ಹಿಡಿದು ಬಿಟ್ಟ ಹಾಗೆ ಬಂದರೆ “ಹೂಂ” ಅನ್ನುತ್ತಿದ್ದ. ಹೂಂ ಅಂದರೆ ಮುಂದಿನ ವಾಲ್ವ್.

ಹೀಗೆ ಎಷ್ಟೋ ವರ್ಷ ನಡೆಯಿತು. ಚಿಕ್ಕ ಮೇಸ್ತ್ರಿಯ ಮೀಸೆ ಮೂಡಿದ್ದೂ, ನರೆತಿದ್ದೂ ಆ ಎಂಜಿನ್ನುಗಳ ಪಕ್ಕದಲ್ಲೇ. ಕೆಲಸವೆಲ್ಲ ಅಣ್ಣನದು, ತನ್ನದೇನಿದ್ದರೂ ಹೂಂಗುಟ್ಟುವ ಉದ್ಯೋಗ ಅಂತ ಅವನೇ ನಗುತ್ತಿದ್ದ. ಮದುವೆ ಅವನಿಗೆ ಒಲಿಯಲಿಲ್ಲ, ಅವನೂ ಬೆನ್ನುಹತ್ತಲಿಲ್ಲ. ತಾಯಿಯಿಲ್ಲದ ಹುಡುಗನನ್ನು ಅತ್ತಿಗೆ ಶಾಲೆಗೆ ಹೋಗುವ ವಯಸ್ಸಿನಿಂದ ಅನ್ನ ಹಾಕಿ, ಬೈದು, ತಲೆ ಬಾಚಿ ಬೆಳೆಸಿದ್ದಳು. ಈಗಲೂ ಬೈಯುತ್ತಿದ್ದಳು. ಬಾಚುವುದಕ್ಕೆ ತಲೆಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಆಮೇಲೆ ದೊಡ್ಡ ಮೇಸ್ತ್ರಿ ಸತ್ತ. ಸಕ್ಕರೆ ಕಾಯಿಲೆಯ ಮನುಷ್ಯ, ಕಾಲಿಗೆ ತಗಡಿನ ಚೂರು ಚುಚ್ಚಿದ್ದು ಅವನಿಗೇ ತಿಳಿದಿರಲಿಲ್ಲ. ಚಪ್ಪಲಿ ಅಂಟಂಟಾದ ಮೇಲೆ ಬಗ್ಗಿ ನೋಡಿದ. ಗಾಯ ಮಾಯಲಿಲ್ಲ, ಆಸ್ಪತ್ರೆ ಸೇರಿದ, ಅಲ್ಲಿಂದ ವಾಪಸು ಬರಲಿಲ್ಲ.

ಸತ್ತ ಕೆಲವು ದಿನಕ್ಕೆ ಚಿಕ್ಕ ಮೇಸ್ತ್ರಿ ಗ್ಯಾರೇಜಿನ ಬಾಗಿಲು ತೆಗೆದ. ಕ್ಲಚ್ಚಿನ ಕೆಲಸವೊಂದಿತ್ತು. ಕೊನೆಯ ಬೋಲ್ಟು ಬಿಗಿದು ಸ್ಪ್ಯಾನರ್ ಕೆಳಗಿಡುವಷ್ಟರಲ್ಲಿ ಎಡಗಡೆ ಹೆಗಲಿನ ಹಿಂದಿನಿಂದ “ನೋಡು” ಅಂತ ಕೇಳಿಸಿತು. ಜೋರಾಗಿ ಅಲ್ಲ. ಅಣ್ಣ ದಿನವೂ ಅನ್ನುತ್ತಿದ್ದ ಹಾಗೇ, ಗಂಟಲು ಅರ್ಧ ಸರಿಮಾಡಿಕೊಂಡು. ಚಿಕ್ಕ ಮೇಸ್ತ್ರಿ ಸ್ಪ್ಯಾನರನ್ನು ಹಿಡಿದೇ ನಿಂತ. ತಿರುಗಲಿಲ್ಲ. ತಿರುಗಿದರೆ ಅಲ್ಲಿ ಯಾರೂ ಇರುವುದಿಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೇ ತಿರುಗಲಿಲ್ಲ.

ಮಾರನೆಯ ದಿನವೂ ಕೇಳಿಸಿತು. ಕೆಲಸ ಯಾವುದಾದರೂ ಇರಲಿ, ಮುಗಿಯುವ ಹೊತ್ತಿಗೆ ಸರಿಯಾಗಿ “ನೋಡು”. ಮೊದಮೊದಲು ಹೆದರಿಕೆ. ವಾರ ಕಳೆಯುವುದರೊಳಗೆ, ಕೇಳಿಸದಿದ್ದರೆ ಎಂಬ ಹೆದರಿಕೆ. ಅಣ್ಣ ಕೂರುತ್ತಿದ್ದ ಮರದ ಸ್ಟೂಲನ್ನು ಅವನು ಸರಿಸಲಿಲ್ಲ, ಅದನ್ನು ಬಳಸಿಕೊಂಡೇ ಓಡಾಡಿದ. ಗಿರಾಕಿ ಯಾರಾದರೂ ಅದರ ಮೇಲೆ ಕೂರಲು ಹೋದರೆ “ಅದರ ಕಾಲು ಮುರಿದಿದೆ” ಅನ್ನುತ್ತಿದ್ದ. ಸ್ಟೂಲು ಗಟ್ಟಿಮುಟ್ಟಾಗಿತ್ತು.

ಇಷ್ಟರಲ್ಲೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಟ್ಯಾಪೆಟ್ ಕೆಲಸಕ್ಕೆ ಗಾಡಿ ಬಂದಾಗ ಅವನ ಬುದ್ಧಿ ಅಡ್ಡಹಾದಿ ಹಿಡಿಯಿತು. ಹೊಸ ಗಿರಾಕಿಯಾದರೆ ಮೂಲೆಯ ಬೇರೆ ಗ್ಯಾರೇಜಿಗೆ ಕಳಿಸುತ್ತಿದ್ದ. ಹಳೆಯ ಗಿರಾಕಿ, ಅಂದರೆ ಅಣ್ಣನ ಕೈ ಬಿದ್ದ ಗಾಡಿಯಾದರೆ, ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳಿ, “ಚೆನ್ನಾಗೇ ಇದೆ, ಮುಟ್ಟೋದು ಬೇಡ” ಅಂದು ಕಳಿಸುತ್ತಿದ್ದ. ಆ ಎಂಜಿನ್ನಿನ ತಲೆಯೊಳಗೆ ಅಣ್ಣ ಬಿಟ್ಟುಹೋದ ಸಂದು ಇದೆ. ತಾನು ನಟ್ ಸಡಿಲಿಸಿದ ಗಳಿಗೆಗೆ ಅದು ಹೋಯಿತು. ಮತ್ತೆ ಇಡುವುದಕ್ಕೆ ಅಣ್ಣನಿಲ್ಲ. ಊರಿನ ಗಾಡಿಗಳಲ್ಲಿ ಅಣ್ಣ ಅಷ್ಟಷ್ಟು ಉಳಿದಿದ್ದಾನೆ, ಅವನನ್ನು ತನ್ನ ಕೈಯಿಂದಲೇ ಅಳಿಸುವುದೇ? ಇದು ಅವನ ಲೆಕ್ಕಾಚಾರ. ಹುಚ್ಚು ಅಂತ ನಾನೂ ಒಪ್ಪುತ್ತೇನೆ. ದುಃಖಕ್ಕೆ ಬುದ್ಧಿ ಇರುತ್ತದೆ ಅಂತ ಯಾರು ಹೇಳಿದರು?

ಪರಿಣಾಮ ಆಗಬೇಕಾದ ಹಾಗೇ ಆಯಿತು. ಟ್ಯಾಕ್ಸಿಯವನ ಗಾಡಿಯನ್ನು ಎರಡು ಸಲ ಹೀಗೆ ವಾಪಸು ಕಳಿಸಿದ್ದ. ಮೂರನೆಯ ಸಲ ಅದು ಹಗ್ಗ ಕಟ್ಟಿಸಿಕೊಂಡು, ಎಳೆಸಿಕೊಂಡು ಬಂತು. ವಾಲ್ವ್ ಸುಟ್ಟು ಅಂಚು ಕಚ್ಚಿ ತಿಂದ ಹಾಗಾಗಿತ್ತು. ಟ್ಯಾಕ್ಸಿಯವನು ಬೀದಿಯಲ್ಲಿ ನಿಂತು, “ನಿಮ್ಮಣ್ಣ ಇದ್ದಿದ್ರೆ ಹೀಗಾಗ್ತಿತ್ತೇನ್ರೀ?” ಅಂದ. ಚಿಕ್ಕ ಮೇಸ್ತ್ರಿಗೆ ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಒಂದೊಂದೇ ಗಾಡಿ ಬೇರೆ ಗ್ಯಾರೇಜಿನ ದಾರಿ ಹಿಡಿಯಿತು, ಒಂದೊಂದೇ ಟಿಕ್ ಟಿಕ್ ನಿಂತಿತು. ಕೊನೆಗೆ ಅಣ್ಣ ಇಟ್ಟದ್ದು ಇಟ್ಟ ಹಾಗೇ ಇರುವ ಗಾಡಿ ಊರಿಗೆಲ್ಲ ಒಂದೇ ಉಳಿಯಿತು. ಅದು ನರ್ಸಮ್ಮನದು.

ನರ್ಸಮ್ಮ ಅಂದರೆ ಹೆರಿಗೆ ಮಾಡಿಸುವವರು. ಸುತ್ತಮುತ್ತಲಿನ ಹತ್ತಾರು ಊರಿಗೆ ತಮ್ಮ ಹಳೆಯ ಕಾರಿನಲ್ಲಿ ಒಬ್ಬರೇ ಹೋಗುತ್ತಿದ್ದರು. ಆಸ್ಪತ್ರೆಗೆ ಹೋಗುವ ಮುಂಚಿನ ವಾರ ದೊಡ್ಡ ಮೇಸ್ತ್ರಿ ಕೊನೆಯ ಸಲ ಟ್ಯಾಪೆಟ್ ಇಟ್ಟದ್ದು ಅದಕ್ಕೇ. ಒಂದು ಮಧ್ಯಾಹ್ನ ಅವರು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆಯೇ ಇಳಿದು ಬಂದರು.

“ಕೇಳು ಮೇಸ್ತ್ರಿ, ಎಷ್ಟು ಚೆನ್ನಾಗಿ ಓಡ್ತಿದೆ. ಮೊದಲೆಲ್ಲ ನಾನು ಬರೋದು ಅರ್ಧ ಮೈಲಿ ದೂರದಿಂದ್ಲೇ ಬಸುರಿಯರಿಗೆ ಗೊತ್ತಾಗ್ತಿತ್ತು. ಈಗ ಹೊಲಿಗೆ ಮಷೀನಿಗಿಂತ ಮೆತ್ತಗಿದೆ. ಬೆಳಗ್ಗೆ ಮಾತ್ರ ಚಾಲೂ ಆಗೋಕೆ ಸ್ವಲ್ಪ ಸತಾಯಿಸುತ್ತೆ.”

ಚಿಕ್ಕ ಮೇಸ್ತ್ರಿ ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದ. ಕೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಎಂಟು ವಾಲ್ವುಗಳಲ್ಲಿ ಅರ್ಧದಷ್ಟು ಬಾಯಿ ಮುಚ್ಚಿಕೊಂಡಿದ್ದವು. ಮುಚ್ಚಿಕೊಂಡವು ಹೊಗೆ ಹೊರಗೆ ಬಿಡುವ ಸಾಲಿನವು ಅಂತ ನೋಡದೆಯೇ ಹೇಳಬಹುದಿತ್ತು. ಸುಡುವುದು ಯಾವಾಗಲೂ ಅವೇ. ಹೀಗೇ ಬಿಟ್ಟರೆ ಯಾವುದೋ ಊರಿನ ಏರುದಾರಿಯಲ್ಲಿ, ಅಲ್ಲೊಂದು ಮನೆಯೊಳಗೆ ಒಬ್ಬಳು ಹೆರಿಗೆ ನೋವು ತಿನ್ನುತ್ತಿರುವಾಗ, ಈ ಕಾರು ನಿಂತುಬಿಡುತ್ತದೆ. ತೆಗೆದರೆ, ಅಣ್ಣನ ಕೈ ಇವತ್ತಿಗೆ ಮುಗಿಯಿತು. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

“ಚೆನ್ನಾಗೇ ಇದೆ ನರ್ಸಮ್ಮ” ಅಂದ. “ಮುಟ್ಟೋದು ಬೇಡ.”

“ಏನು ಚೆನ್ನಾಗಿರೋದು?” ಅಂತ ಮಹಡಿಯಿಂದ ಧ್ವನಿ ಬಂತು. ಅತ್ತಿಗೆ ಒಗೆದ ಬಟ್ಟೆ ಹಿಂಡುತ್ತಾ ಕಿಟಕಿಯಲ್ಲಿ ನಿಂತಿದ್ದಳು. “ಗಾಡಿ ಸತ್ತೋರ ಮನೆ ಹಾಗೆ ಸುಮ್ಮನಿದೆ, ಅದನ್ನ ಚೆನ್ನಾಗಿದೆ ಅಂತೀಯಾ? ನರ್ಸಮ್ಮ, ಬೀಗದಕೈ ಕೊಟ್ಟು ಹೋಗಿ. ಎಂಜಿನ್ ತಣ್ಣಗಾಗಬೇಕು, ಬೆಳಗ್ಗೆ ತೆಗೀತಾನೆ.”

ನರ್ಸಮ್ಮ ಇವನ ಮುಖ ನೋಡಿದರು, ಕಿಟಕಿ ನೋಡಿದರು, ಬೀಗದಕೈ ಕೊಟ್ಟರು. ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದು ಊರಿಗೇ ತಿಳಿದ ವಿಷಯ.

ಊಟಕ್ಕೆ ಕೂತಾಗ ಅತ್ತಿಗೆ ಬಡಿಸುತ್ತಾ ಕೇಳಿದಳು, “ಟ್ಯಾಕ್ಸಿಯವನ ಗಾಡಿ ಸುಟ್ಟಿದ್ದು ಸಾಲ್ದಾ ನಿನಗೆ?”

“ಅದು ಅಣ್ಣ ಇಟ್ಟಿದ್ದು ಅತ್ತಿಗೆ. ಕೊನೇದು.”

“ಇಟ್ಟಿದ್ರೆ? ಮ್ಯೂಸಿಯಂ ಮಾಡ್ತೀಯಾ ಆ ಕಾರನ್ನ?”

ಅವನು ತಟ್ಟೆಯಲ್ಲೇ ಕಣ್ಣಿಟ್ಟು, “ನಿಮಗೇನು, ನಿದ್ದೆ ಬರುತ್ತೆ” ಅಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ ಮಾತು ಆಡಿಯಾಗಿತ್ತು. ಅದು ಅವನ ಮನಸ್ಸಿನಲ್ಲಿ ತಿಂಗಳುಗಳಿಂದ ಕೊರೆಯುತ್ತಿದ್ದ ಮಾತು. ಗಂಡ ಸತ್ತ ಮೇಲೂ ಅತ್ತಿಗೆ ಹೊತ್ತಿಗೆ ಸರಿಯಾಗಿ ಎದ್ದಳು, ಅಡಿಗೆ ಮಾಡಿದಳು, ಪಕ್ಕದ ಮನೆಯವರ ಜೊತೆ ಜಗಳವನ್ನೂ ಬಿಡಲಿಲ್ಲ. ಅವಳು ಅತ್ತದ್ದನ್ನು ಅವನು ನೋಡಿದ್ದು ಒಂದೇ ಸಲ. ಕಲ್ಲು ಮನಸ್ಸು ಅಂತ ಊರು ಅಂದಿತ್ತು. ಊರು ಅಂದದ್ದನ್ನು ಅವನೂ ಒಳಗೊಳಗೇ ಅಂದುಕೊಂಡಿದ್ದ. ಅತ್ತಿಗೆ ಇನ್ನೊಂದು ಸೌಟು ಸಾರು ಬಡಿಸಿ ಒಳಗೆ ಹೋದಳು.

ಬೆಳಗ್ಗೆ ಅವನು ಕಾರಿನ ಬಾನೆಟ್ ಎತ್ತಿದ. ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದ ಕೂಡಲೇ ತಣ್ಣನೆಯ ಹಳೆ ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಎಂಟು ವಾಲ್ವುಗಳು ಎಣ್ಣೆಯಲ್ಲಿ ಮಿರುಗುತ್ತಾ ಸಾಲಾಗಿ ಕೂತಿದ್ದವು. ಬೆನ್ನ ಹಿಂದೆ ಅಣ್ಣ ಬಂದು ನಿಂತದ್ದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಆ ಕಡೆಯ ಗಾಳಿ ಸ್ವಲ್ಪ ಭಾರವಾಯಿತು, ಅಷ್ಟೇ.

ಗಾಳಿ ಬಿಡುವ ಸಾಲಿನಿಂದ ಶುರುಮಾಡಿದ. ಮೊದಲ ಸಂದಿನಲ್ಲಿ ಗೇಜಿನ ಪಟ್ಟಿ ತೂರಿಸಿ ಎಳೆದ. ಬಂತು, ಯಾರೋ ಆ ಕಡೆಯಿಂದ ಸ್ವಲ್ಪ ಹಿಡಿದು ಬಿಟ್ಟ ಹಾಗೆ. ಅಣ್ಣನ ಕೈಯೇ ಅದು, ಒಂದಿಷ್ಟೂ ಕದಲಿರಲಿಲ್ಲ. ಮತ್ತೊಮ್ಮೆ ಎಳೆದ. ಸುಮ್ಮನೆ, ಬೇಕಿಲ್ಲದಿದ್ದರೂ, ಇನ್ನೊಮ್ಮೆ ಎಳೆದ. ಆ ಸಾಲು ನಾಲ್ಕೂ ಹಾಗೇ ಇದ್ದವು. ಸರಿಯಿದ್ದದ್ದನ್ನು ಮುಟ್ಟಬಾರದು ಅನ್ನುವುದೂ ಕಸುಬಿನ ನಿಯಮವೇ. ಮುಟ್ಟಲಿಲ್ಲ.

ಹೊಗೆ ಬಿಡುವ ಸಾಲಿಗೆ ಬಂದಾಗ ಪಟ್ಟಿ ಒಳಗೇ ಹೋಗಲಿಲ್ಲ. ಅದಕ್ಕಿಂತ ತೆಳುವಾದದ್ದು ತೂರಿಸಿದ, ಬಗ್ಗಿತು. ಮೂರನೆಯ ವಾಲ್ವಿಗಂತೂ ಗೇಜಿನಲ್ಲಿದ್ದ ಎಲ್ಲಕ್ಕಿಂತ ತೆಳುವಾದ ಪಟ್ಟಿಗೂ ಜಾಗವಿರಲಿಲ್ಲ. ಅಲ್ಲಿ ಅಣ್ಣ ಇಟ್ಟದ್ದು ಹೋಗಿ ಎಷ್ಟು ದಿನವಾಗಿತ್ತೋ. ಇಲ್ಲದ ವಸ್ತುವಿಗೆ ಕಾವಲು ಕೂತಿದ್ದೆನಲ್ಲ ಅಂತ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಸಿಟ್ಟಿನಲ್ಲೇ ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ, ಒಂದೊಂದಾಗಿ ಇಟ್ಟುಕೊಂಡು ಹೋದ. ಒಂದನೆಯದು, ಎರಡನೆಯದು, ನಾಲ್ಕನೆಯದು. ಇಟ್ಟ, ಆದರೆ ಎಳೆದು ನೋಡಲಿಲ್ಲ. ಕೊನೆಗೆ ಮೂರನೆಯದು. ಸ್ಕ್ರೂ ಹಿಡಿದುಕೊಂಡು ನಟ್ ಬಿಗಿದ.

“ನೋಡು” ಅಂತ ಹಿಂದಿನಿಂದ ಕೇಳಿಸಿತು.

ಇಟ್ಟವನೇ ನೋಡಬಾರದು. ಆದರೂ ಪಟ್ಟಿ ತೂರಿಸಿ ಎಳೆದ. ಬಿಗಿ ಅನ್ನಿಸಿತು. ನಟ್ ಬಿಗಿಯುವಾಗ ಸ್ಕ್ರೂ ಎಳೆ ತಿರುಗಿರಬೇಕು. ಸಡಿಲಿಸಿ ಮತ್ತೆ ಇಟ್ಟ. ಸಡಿಲ ಅನ್ನಿಸಿತು. ಮತ್ತೆ ಇಟ್ಟ. ಸರಿ ಅನ್ನಿಸಿತು, ಮರುಗಳಿಗೆಗೆ ಸರಿಯೋ ಅಲ್ಲವೋ ಅನ್ನಿಸಿತು. “ನೋಡು.” ಬೆರಳು ಬೆವರುತ್ತಿದ್ದವು, ಪಟ್ಟಿ ಜಾರುತ್ತಿತ್ತು. “ನೋಡು.” ನೋಡುತ್ತಿದ್ದೇನಲ್ಲ ಅಣ್ಣ, ನೀನು ಒಂದು ಸಲ ಹೂಂ ಅನ್ನು, ಒಂದೇ ಒಂದು ಸಲ, ಮುಚ್ಚಳ ಹಾಕಿಬಿಡುತ್ತೇನೆ. ಸತ್ತವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಹಾಗಿದ್ದರೆ ಬದುಕಿದವರ ಕೆಲಸ ಎಷ್ಟು ಸುಲಭವಿತ್ತು. ಅವನಿಗೆ ಕೇಳಿಸಿದ್ದು ಅದೊಂದೇ ಮಾತು.

ಬಿಸಿಲು ಗ್ಯಾರೇಜಿನ ಅರ್ಧ ನೆಲಕ್ಕೆ ಬಂದಿತ್ತು. ನರ್ಸಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಂದು ನಿಂತರು. “ಆಯ್ತಾ ಮೇಸ್ತ್ರಿ? ಫೋನ್ ಬಂದಿದೆ. ಚೊಚ್ಚಲ ಹೆರಿಗೆ, ಹುಡುಗಿ ಹೆದರಿದ್ದಾಳೆ.”

“ಒಂದು ಗಳಿಗೆ” ಅಂದ.

ಅವರು ಬೆಂಚಿನ ಮೇಲೆ ಕೂತರು. ಅವನು ನಟ್ ಸಡಿಲಿಸಿ, ಬಿಗಿದು, ಎಳೆದು, ಮತ್ತೆ ಸಡಿಲಿಸಿದ. ಅವರು ಎದ್ದು ಬಂದು ಇಣುಕಿದರು. “ಮಗು ನಿನ್ನ ಟ್ಯಾಪೆಟ್‌ಗೆ ಕಾಯಲ್ಲಪ್ಪ. ಆಗಿಂದ ಅದೊಂದೇ ತಿರುಪು ತಿರುಗಿಸ್ತಿದ್ದೀಯಲ್ಲ.” ಅವನು ತಲೆ ಎತ್ತಲಿಲ್ಲ. ಮತ್ತೆ ಅದೇ ನಟ್ಟಿಗೆ ಸ್ಪ್ಯಾನರ್ ಹಾಕಿದ್ದು ಕಂಡು ನರ್ಸಮ್ಮ ಮೆಲ್ಲಗೆ ಹಿಂದೆ ಸರಿದು ಮೆಟ್ಟಿಲ ಬುಡದಿಂದ ಮೇಲಕ್ಕೆ ಕೂಗಿದರು. ಹೆರಿಗೆಯ ಮನೆಗಳಲ್ಲಿ ತಿರುಗಿದವರು, ಯಾವಾಗ ಮನೆಯ ಹೆಂಗಸನ್ನು ಕರೆಯಬೇಕು ಅಂತ ಅವರಿಗೆ ಗೊತ್ತು.

ಅತ್ತಿಗೆ ಇಳಿದು ಬಂದಳು. ಬಂದವಳು ಎಂಜಿನ್ ನೋಡಲಿಲ್ಲ, ಅವನನ್ನು ನೋಡಿದಳು.

“ಏನಾಯ್ತೋ?”

“ಆಗ್ತಿಲ್ಲ ಅತ್ತಿಗೆ.” ಅವನ ಧ್ವನಿ ಒಡೆದಿತ್ತು. “ಒಬ್ಬ ಇಟ್ಟಿದ್ದನ್ನ ಇನ್ನೊಬ್ಬ ನೋಡ್ಬೇಕು. ಇಡೋನು ಹೋದ. ನಾನು ಇಟ್ರೆ ನೋಡೋರು ಯಾರಿದ್ದಾರೆ? ಅಣ್ಣನ ಕೈ ನನಗೆ ಬರಲ್ಲ. ಎಷ್ಟು ಸಲ ಇಟ್ರೂ ಬರಲ್ಲ.”

ಅತ್ತಿಗೆ ಬೈಗುಳಕ್ಕೆ ಬಾಯಿ ತೆರೆದವಳ ಹಾಗೆ ಕಂಡಳು, ಆದರೆ ಬೈಯಲಿಲ್ಲ. ಸ್ಟೂಲು ಎಳೆದು, ಅವನು ಎಂಟು ತಿಂಗಳು ಯಾರನ್ನೂ ಕೂರಿಸದ ಆ ಸ್ಟೂಲಿನ ಮೇಲೆ ಕೂತಳು.

“ಹೇಳ್ಬಾರ್ದು ಅಂತ ಅವ್ರು ನನ್ನ ಹತ್ರ ಮಾತು ತಗೊಂಡಿದ್ರು. ಇವತ್ತು ಮುರೀತೀನಿ, ಏನು ಮಾಡ್ತಾರೋ ಮಾಡ್ಲಿ. ನಿಮ್ಮಣ್ಣನ ಬೆರಳು ಸತ್ತು ವರ್ಷಗಳಾಗಿತ್ತು ಕಣೋ.”

“ಏನಂದ್ರಿ?”

“ಸಕ್ಕರೆ ಕಾಯಿಲೆ ಕಾಲನ್ನ ಮಾತ್ರ ತಿಂತು ಅಂದ್ಕೊಂಡ್ಯಾ? ಬೆರಳ ತುದಿಯಲ್ಲಿ ಒಂದು ಚೂರೂ ಗೊತ್ತಾಗ್ತಿರಲಿಲ್ಲ ಅವ್ರಿಗೆ. ಬಿಸಿ ಲೋಟ ಹಿಡ್ಕೊಂಡು ಬೊಬ್ಬೆ ಬಂದ್ರೂ ತಿಳೀತಿರಲಿಲ್ಲ. ಆ ಪಟ್ಟಿ ಬಿಗಿಯಾಗಿದ್ಯೋ ಸಡಿಲ ಇದ್ಯೋ ಅವ್ರಿಗೇನು ಗೊತ್ತಾಗ್ಬೇಕು? ಸುಮ್ಮನೆ ತಿರುಗಿಸೋರು, ‘ನೋಡು’ ಅನ್ನೋರು, ನಿನ್ನ ಮುಖ ನೋಡೋರು. ನೀನು ಬಿಗಿ ಅಂದ್ರೆ ಬಿಚ್ಚೋರು, ಸಡಿಲ ಅಂದ್ರೆ ತಿರುಪೋರು. ನೀನು ಹೂಂ ಅನ್ನೋವರೆಗೂ. ‘ಅವನ ಕೈ ಇದೆ, ನನ್ನ ಅನ್ನಕ್ಕೆ ಮೋಸ ಇಲ್ಲ’ ಅನ್ನೋರು ನನ್ನ ಹತ್ರ.”

ಚಿಕ್ಕ ಮೇಸ್ತ್ರಿ ಎಂಜಿನ್ನಿಗೆ ಒರಗಿ ನಿಂತ. ಅವನಿಗೆ ನೆನಪಾಯಿತು. ಮೊದಲೆಲ್ಲ ಅಣ್ಣ ಒಂದೇ ಸಲಕ್ಕೆ ಇಡುತ್ತಿದ್ದ. ಕೊನೆಕೊನೆಗೆ ಒಂದೊಂದು ವಾಲ್ವಿಗೂ ಬಿಗಿ, ಸಡಿಲ, ಬಿಗಿ ಅಂತ ನಾಲ್ಕಾರು ಸಲ ನಡೆಯುತ್ತಿತ್ತು. ವಯಸ್ಸಾದ ಹಾಗೆ ಅಣ್ಣನಿಗೆ ಅಚ್ಚುಕಟ್ಟು ಜಾಸ್ತಿಯಾಗಿದೆ ಅಂತ ಇವನು ಒಳಗೊಳಗೇ ಗೊಣಗಿದ್ದೂ ಉಂಟು.

“ಅಂದ್ರೆ ಈ ಗಾಡಿಗಳಲ್ಲೆಲ್ಲ...”

“ಇಷ್ಟು ವರ್ಷ ಇಟ್ಟೋನೂ ನೀನೇ, ನೋಡ್ದೋನೂ ನೀನೇ. ಅವ್ರು ಸ್ಕ್ರೂಡ್ರೈವರ್ ಹಿಡ್ಕೊಂಡಿದ್ರು, ಅಷ್ಟೇ.”

ಇಂಥ ಮಾತು ಕೇಳಿ ಹಗುರಾಗಬೇಕಲ್ಲವೇ ಮನುಷ್ಯ? ಅವನಿಗೆ ಹಾಗಾಗಲಿಲ್ಲ. ಊರಿನ ಗಾಡಿಗಳಲ್ಲಿ ಅಷ್ಟಷ್ಟು ಉಳಿದಿದ್ದಾನೆ ಅಂದುಕೊಂಡ ಅಣ್ಣ ಎಲ್ಲಿಯೂ ಇರಲಿಲ್ಲ. ಬೀದಿಯಲ್ಲಿ ಕಿವಿಗೊಟ್ಟು ನಿಂತು ತಾನು ಕೇಳಿಸಿಕೊಂಡದ್ದು ತನ್ನದೇ ಹೂಂಕಾರ. ಗಾಳಿ ಬಿಡುವ ಸಾಲಿನಲ್ಲಿ ಈಗಷ್ಟೇ ಮತ್ತೆ ಮತ್ತೆ ಎಳೆದು ನೋಡಿದ ಆ ಹಿಡಿತವೂ ತನ್ನದೇ. ಟ್ಯಾಕ್ಸಿಯವನ ಎಂಜಿನ್ ಸುಟ್ಟದ್ದೂ ಈ ಇಲ್ಲದ ಅಣ್ಣನನ್ನು ಉಳಿಸಲು ಹೋಗಿಯೇ. ಅವನಿಗೆ ಅಳು ಬರಲಿಲ್ಲ, ಅತ್ತಿಗೆಯ ಮೇಲೆ ಕೋಪ ಬಂತು.

“ಮುಂಚೇನೇ ಹೇಳ್ಬಹುದಿತ್ತಲ್ಲ ನೀವು.”

“ಹೇಳ್ಬಹುದಿತ್ತು” ಅಂದಳು ಅತ್ತಿಗೆ. “ನಿನಗೆ ಅವ್ರು ಗಾಡಿಯಲ್ಲಾದ್ರೂ ಸಿಕ್ತಿದ್ದಾರಲ್ಲ ಅಂತ ಸುಮ್ಮನಿದ್ದೆ.”

ನರ್ಸಮ್ಮ ಕೆಮ್ಮಿದರು. ಪಾಪ, ಅವರಾದರೂ ಏನು ಮಾಡಿಯಾರು, ಅಲ್ಲೊಬ್ಬಳು ನೋವು ತಿನ್ನುತ್ತಿದ್ದಾಳೆ.

ಅವನು ಕೈ ಒರೆಸಿಕೊಂಡು ಮೂರನೆಯ ವಾಲ್ವಿಗೆ ಬಗ್ಗಿದ. ಸ್ಕ್ರೂ ತಿರುಗಿಸಿ, ಹಿಡಿದು, ನಟ್ ಬಿಗಿದ. ಪಟ್ಟಿ ಎಳೆದ. ಬಿಗಿ. ಬಿಗಿ ಅಂತ ಈಗ ಅನುಮಾನವೇ ಇಲ್ಲದೆ ಗೊತ್ತಾಯಿತು. ಸಡಿಲಿಸಿ ಇನ್ನೊಮ್ಮೆ ಇಟ್ಟು ಎಳೆದ. ಬಂತು. ಉಳಿದ ಮೂರನ್ನೂ ಎಳೆದು ನೋಡಿದ, ಬಂದವು. ಮುಚ್ಚಳ ಹಾಕಿ ಬೋಲ್ಟು ಬಿಗಿದ. ಕೊನೆಯ ಬೋಲ್ಟಿನ ಹೊತ್ತಿಗೆ ಬೇಡವೆಂದರೂ ಎಡಗಿವಿ ಕಾಯಿತು. ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು, ಬೇರೇನೂ ಇಲ್ಲ.

ಎಂಜಿನ್ ಮೊದಲ ತಿರುವಿಗೇ ಎದ್ದಿತು. ಟಿಕ್ ಟಿಕ್ ಟಿಕ್ ಅಂತ ಗ್ಯಾರೇಜು ತುಂಬಿತು. “ಶುರುವಾಯ್ತಪ್ಪ ಮತ್ತೆ ಗಲಾಟೆ” ಅನ್ನುತ್ತಾ ನರ್ಸಮ್ಮ ಚೀಲವನ್ನು ಪಕ್ಕದ ಸೀಟಿಗೆ ಎಸೆದು ಹೊರಟೇಬಿಟ್ಟರು. ಕಾರು ತಿರುವು ದಾಟಿತು. ಅವನು ಅದರ ಕಡೆ ನೋಡಲಿಲ್ಲ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಗೋಡೆಯ ಮೊಳೆಗಳಿಗೆ ಸಿಕ್ಕಿಸಿದ. ಅತ್ತಿಗೆ ಮೇಲೆ ಹೋಗಿರಬೇಕು ಅಂದುಕೊಂಡ. ಹೋಗಿರಲಿಲ್ಲ. ಮೆಟ್ಟಿಲ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಬೆನ್ನು ಅಲುಗುತ್ತಿತ್ತು.

“ಅತ್ತಿಗೆ” ಅಂದ. “ಕೋಪದಲ್ಲಿ ಏನೋ ಅಂದುಬಿಟ್ಟೆ.”

“ನಿನ್ನ ಮಾತಿಗಲ್ಲ ಬಿಡು.” ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. “ನಿದ್ದೆ ಬರುತ್ತೆ ಅಂದ್ಯಲ್ಲ ನೆನ್ನೆ. ಎಲ್ಲಿ ಬರುತ್ತೆ. ಅವ್ರಿಗೆ ನನ್ನ ಕೈ ಹಿಡ್ಕೊಂಡ್ರೂ ಗೊತ್ತಾಗ್ತಿರಲಿಲ್ಲ ಕಣೋ. ಹಿಡ್ಕೊಂಡಿದ್ದೀನಾ ಇಲ್ವಾ ಅಂತ ಕಣ್ಣಲ್ಲಿ ನೋಡಿ ತಿಳ್ಕೊಳ್ತಿದ್ರು. ನೋಡಿ, ಆಮೇಲೆ ನಗೋರು.”

ಅವನು ಒರೆಸುವ ಬಟ್ಟೆಯನ್ನು ಬೆಂಚಿನ ಮೇಲಿಟ್ಟ.

“ಆಸ್ಪತ್ರೆಯಲ್ಲಿ ಕೊನೇ ದಿನ ಪೂರ್ತಿ ಅವ್ರ ಕೈ ಹಿಡ್ಕೊಂಡೇ ಕೂತಿದ್ದೆ. ಬಿಡ್ಲೇ ಇಲ್ಲ. ಆದ್ರೆ ಕಣ್ಣು ಮುಚ್ಚಿದ್ರಲ್ಲ ಅವ್ರು. ಒಬ್ನೇ ಇದ್ದೀನಿ ಅಂದ್ಕೊಂಡೇ ಹೋದ್ರು.”

ಅವನು ಎಣ್ಣೆಗೈಯಲ್ಲೇ ಹೋಗಿ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತ.